ರಸ್ತೆಯ ಅಂಚನ್ನು ಉಳಿಸಿ, ನಡೆಯುವವರನ್ನು ಉಳಿಸಿ



ಗದ್ದೆಗೆ ಬದು ಹೇಗೋ ರಸ್ತೆಗೆ ಅಂಚು ಹಾಗೆ. ಬದು ಗಟ್ಟಿಯಿದ್ದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಅದರ ಮೇಲೆ ಮನುಷ್ಯರೂ ನಡೆದು ಹೋಗುತ್ತಾರೆ. ಬದು ಸವೆದು ಹೋದರೆ ನಡೆಯುವವನು ಗದ್ದೆಗೆ ಇಳಿಯದೆ ಬೇರೆ ದಾರಿಯಿಲ್ಲ. ರಸ್ತೆಯ ಅಂಚು ಸವೆದರೆ, ಅಥವಾ ಅದನ್ನು ಬೇಲಿ, ಪೊದೆ, ಜಲ್ಲಿ ರಾಶಿ ನುಂಗಿದರೆ, ನಡೆಯುವವನು ಡಾಂಬರಿನ ಮೇಲೆ ಬರಬೇಕಾಗುತ್ತದೆ. ಗದ್ದೆಗೆ ಇಳಿದವನ ಕಾಲು ಕೆಸರಾಗುತ್ತದೆ. ಡಾಂಬರಿಗೆ ಬಂದವನ ಜೀವಕ್ಕೇ ಅಪಾಯ.

ಪುತ್ತೂರು ತಾಲೂಕಿನ ಕೆದಂಬಾಡಿಯ ಸುತ್ತಲಿನ ರಸ್ತೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಿಂಗಳಾಡಿಯ ಮೂಲಕ ಹಾದುಹೋಗುವ ಕುಂಬ್ರ-ಬೆಳ್ಳಾರೆ ರಸ್ತೆ ಕುಂಬ್ರದಲ್ಲಿ ಮಾಣಿ-ಮೈಸೂರು ಹೆದ್ದಾರಿಯನ್ನು ಸೇರುತ್ತದೆ. ಹಿಂದೆ ರಾಜ್ಯ ಹೆದ್ದಾರಿ 88 ಆಗಿದ್ದ ಈ ಹೆದ್ದಾರಿ ಅಗಲಗೊಂಡು ಈಗ ರಾಷ್ಟ್ರೀಯ ಹೆದ್ದಾರಿ 275 ಆಗಿದೆ. ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆ ಮಾರ್ಗವಾಗಿ ಮಡಿಕೇರಿ, ಮೈಸೂರಿಗೆ ಹೋಗುವ ಬಸ್ಸು, ಲಾರಿ, ಕಾರುಗಳೆಲ್ಲ ಇದರಲ್ಲಿಯೇ ಓಡುತ್ತವೆ. ಹಾಲಿನ ಸೊಸೈಟಿಗೆ ಹೊರಟವರು, ಶಾಲೆಯ ಮಕ್ಕಳು, ಅಡಿಕೆ ಮಾರಿ ಬರುವವರು, ಬಸ್ಸಿಗೆ ಕಾಯುವ ಕೂಲಿಯವರು ಇದೇ ರಸ್ತೆಯ ಬದಿಯಲ್ಲಿರುತ್ತಾರೆ.

ಅಪಾಯ ಹೆಚ್ಚಿದ್ದು ಏಕೆ?

ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿರುತ್ತವೆ. ಅಲ್ಲಿ ಜನರು ರಸ್ತೆ ದಾಟುವ ಸ್ಥಳಗಳು ಒಂದೆರಡು ಮಾತ್ರ. ದಕ್ಷಿಣ ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಪ್ರತಿ ಮನೆಯೂ ಅದರದರ ತೋಟದ ನಡುವೆ ಇದೆ. ಪ್ರತಿ ತೋಟದ ದಾರಿಯೂ ಒಂದಲ್ಲ ಒಂದು ಕಡೆ ರಸ್ತೆಗೆ ಬಂದು ಸೇರುತ್ತದೆ. ಆದ್ದರಿಂದ ಪೇಟೆಯಲ್ಲಿ ಮಾತ್ರವಲ್ಲ, ಉದ್ದಕ್ಕೂ ಜನರು ರಸ್ತೆಯ ಬದಿಯಲ್ಲಿ ನಡೆಯುತ್ತಾರೆ, ಅಲ್ಲಲ್ಲಿ ದಾಟುತ್ತಾರೆ. ಗುಡ್ಡ ಕಡಿದು ಮಾಡಿದ ತಿರುವುಗಳು ಹೆಚ್ಚು. ವರ್ಷದಲ್ಲಿ ನಾಲ್ಕು ತಿಂಗಳು ಜಡಿಮಳೆ. ರಸ್ತೆ ಕಿರಿದಾಗಿ, ಹೊಂಡ ಬಿದ್ದಿದ್ದ ಕಾಲದಲ್ಲಿ ವಾಹನಗಳು ತಾವಾಗಿಯೇ ನಿಧಾನವಾಗುತ್ತಿದ್ದವು. ರಸ್ತೆ ನಯವಾದಂತೆ ವೇಗ ಏರಿತು. ಆದರೆ ನಡೆಯುವವರ ಜಾಗ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಒಬ್ಬರು ಯಾವ ವಾಹನವನ್ನೂ ಏರದೆ ಕಾಲ್ನಡಿಗೆಯಲ್ಲಿದ್ದವರು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇಕಡ 2ರಷ್ಟು. ಸಾವಿನಲ್ಲಿ ಅವುಗಳ ಪಾಲು ಮಾತ್ರ ಶೇಕಡ 36ರಷ್ಟು.

ವೇಗದ ಲೆಕ್ಕವನ್ನು ಅಡಿಕೆ ಮರದಿಂದ ಅಳೆಯಿರಿ

ಎದುರಿಗೆ ಮನುಷ್ಯ ಕಂಡ ಕೂಡಲೆ ವಾಹನ ನಿಲ್ಲುವುದಿಲ್ಲ. ಚಾಲಕ ನೋಡಿ ಬ್ರೇಕು ಒತ್ತುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ವಾಹನ ಮುಂದಕ್ಕೆ ಓಡಿರುತ್ತದೆ. ಬ್ರೇಕು ಹಿಡಿದ ಮೇಲೂ ಒದ್ದೆ ಡಾಂಬರಿನಲ್ಲಿ ಜಾರುತ್ತ ಸಾಗುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದ ವಾಹನ ಮಳೆಯಲ್ಲಿ ನಿಲ್ಲಲು ಸುಮಾರು 17 ಮೀಟರು ಬೇಕು. ಅದೇ ವಾಹನ 60 ಕಿಲೋಮೀಟರು ವೇಗದಲ್ಲಿದ್ದರೆ ಸುಮಾರು 52 ಮೀಟರು ಬೇಕು. ವೇಗ ಎರಡು ಪಟ್ಟಾದಾಗ ನಿಲ್ಲುವ ದೂರ ಮೂರು ಪಟ್ಟು ಆಯಿತೆಂಬುದನ್ನು ಗಮನಿಸಿರಿ. ಬ್ರೇಕು ಹಿಡಿದ ಮೇಲೆ ಜಾರುವ ದೂರವಂತೂ ನಾಲ್ಕು ಪಟ್ಟಾಗುತ್ತದೆ. ಡಿಕ್ಕಿಯ ಹೊಡೆತದ ಶಕ್ತಿಯೂ ನಾಲ್ಕು ಪಟ್ಟು.

ಶಿಫಾರಸಿನಂತೆ 2.7 ಮೀಟರು ಅಂತರದಲ್ಲಿ ನೆಟ್ಟ ಅಡಿಕೆ ತೋಟದ ಸಾಲಿನಲ್ಲಿ ನಿಂತು ನೋಡಿರಿ. 30ರ ವೇಗದ ವಾಹನ ಆರು ಮರದಾಚೆ ನಿಲ್ಲುತ್ತದೆ. 60ರ ವೇಗದ್ದು ನಿಲ್ಲುವುದು ಹತ್ತೊಂಬತ್ತು ಮರದಾಚೆ. ಮನೆಯ ಮಕ್ಕಳಿಗೆ ಹೀಗೆ ತೋಟದಲ್ಲಿಯೇ ತೋರಿಸಿಕೊಟ್ಟರೆ ಅವರು ಮರೆಯುವುದಿಲ್ಲ.

ದಾಟುವ ಸ್ಥಳದ ಪರೀಕ್ಷೆ

ಎರಡು ಸಾಲಿನ ಹೆದ್ದಾರಿಯ ಡಾಂಬರಿನ ಅಗಲ ಸಾಮಾನ್ಯವಾಗಿ 7 ಮೀಟರು. ಗಟ್ಟಿಮುಟ್ಟಾದವನು ಅದನ್ನು ದಾಟಲು 6 ಸೆಕೆಂಡು ಹಿಡಿಯುತ್ತದೆ. ಮುದುಕರಿಗೆ, ಮಗುವಿನ ಕೈಹಿಡಿದವರಿಗೆ, ಹೊರೆ ಹೊತ್ತವರಿಗೆ 8 ಸೆಕೆಂಡು ಬೇಕು. ಆ 8 ಸೆಕೆಂಡಿನಲ್ಲಿ 60ರ ವೇಗದ ವಾಹನ 130 ಮೀಟರಿಗೂ ಹೆಚ್ಚು ದೂರ ಬಂದುಬಿಡುತ್ತದೆ. ತಿರುವಿನ ಹತ್ತಿರ ಅಷ್ಟು ದೂರ ಕಾಣುವುದೇ ಇಲ್ಲ.

ನಿಮ್ಮ ತೋಟದ ದಾರಿ ಹೆದ್ದಾರಿಗೆ ಸೇರುವ ಸ್ಥಳವನ್ನು ಹೀಗೆ ಪರೀಕ್ಷಿಸಿರಿ. ಗಡಿಯಾರ ಹಿಡಿದು ರಸ್ತೆಯ ಹೊರಗೆ ಸುರಕ್ಷಿತವಾಗಿ ನಿಲ್ಲಿರಿ. ದೂರದಲ್ಲಿ ವಾಹನ ಮೊದಲು ಕಂಡ ಕ್ಷಣದಿಂದ ಅದು ನಿಮ್ಮೆದುರು ಹಾದುಹೋಗುವ ತನಕ ಎಷ್ಟು ಸೆಕೆಂಡು ಎಂದು ಎಣಿಸಿರಿ. ಎರಡೂ ದಿಕ್ಕಿನಿಂದ ಹತ್ತು ಹತ್ತು ವಾಹನಗಳನ್ನು ನೋಡಿ ಬರೆದುಕೊಳ್ಳಿರಿ. ಅವುಗಳಲ್ಲಿ ಅತಿ ಕಡಿಮೆ ಎಣಿಕೆ 10 ಸೆಕೆಂಡಿಗಿಂತ ಕಡಿಮೆಯಿದ್ದರೆ ಅದು ದಾಟುವ ಸ್ಥಳವಲ್ಲ. ಅಲ್ಲಿ ಪೊದೆ ಕಡಿದು ನೋಟ ತೆರೆಯಬೇಕು, ಇಲ್ಲವೇ ಐವತ್ತು ಅರವತ್ತು ಹೆಜ್ಜೆ ಆಚೆ ನೇರ ರಸ್ತೆಯಲ್ಲಿ ದಾಟುವ ಅಭ್ಯಾಸ ಮಾಡಿಕೊಳ್ಳಬೇಕು. ಬಸ್ಸು ನಿಲ್ಲುವ ಸ್ಥಳಕ್ಕೂ ಇದೇ ಪರೀಕ್ಷೆ. ಬಸ್ಸಿನಿಂದ ಇಳಿದವರು ಅದರ ಮುಂದಿನಿಂದ ದಾಟುವುದು ಬಹಳ ಅಪಾಯ. ಬಸ್ಸು ಹೊರಟು ಹೋದ ಮೇಲೆ, ಎರಡೂ ಕಡೆ ಕಂಡ ಮೇಲೆ ದಾಟಬೇಕು.

ರಸ್ತೆಯ ಬದಿಯ ಜಮೀನಿನವರು ಮಾಡಬೇಕಾದದ್ದು

ಅಂಚನ್ನು ಹಾಳು ಮಾಡುವುದರಲ್ಲಿ ಲಾರಿಯದ್ದಷ್ಟೇ ಪಾಲು ನಮ್ಮದೂ ಇದೆ. ಇದನ್ನು ಒಪ್ಪಿಕೊಂಡರೆ ಸರಕಾರದ ಒಂದು ಪೈಸೆಯೂ ಇಲ್ಲದೆ ಆಗುವ ಕೆಲಸ ಬೇಕಾದಷ್ಟಿದೆ.

1. ಬೇಲಿ: ದಾಸವಾಳ, ಗ್ಲಿರಿಸಿಡಿಯ ಬೇಲಿಗಳು ಮಳೆಗಾಲದಲ್ಲಿ ಒಂದೇ ತಿಂಗಳಲ್ಲಿ ರಸ್ತೆಯ ಕಡೆಗೆ ಬಾಗುತ್ತವೆ. ಕಮ್ಯುನಿಸ್ಟ್ ಗಿಡವೆಂದು ನಾವು ಕರೆಯುವ ಕಳೆ, ಲಂಟಾನ ಇವು ಉಳಿದ ಜಾಗವನ್ನು ಆಕ್ರಮಿಸುತ್ತವೆ. ಮಳೆಗೆ ಮೊದಲು ಒಮ್ಮೆ, ಮಳೆ ಬಿಡುವಿನಲ್ಲಿ ಇನ್ನೊಮ್ಮೆ ಸವರಿರಿ. ಸವರಿದ ಸೊಪ್ಪು ವ್ಯರ್ಥವಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಗೊಬ್ಬರ ಶಿಫಾರಸು ಮಾಡಲಾಗಿದೆ. ರಸ್ತೆಯ ಬದಿಯ ಬೇಲಿ ಅದರಲ್ಲಿ ಒಂದು ಪಾಲನ್ನು ಕೊಡುತ್ತದೆ. ಕಳೆಯನ್ನು ಹೂ ಬಿಡುವ ಮೊದಲೇ ಕಡಿಯಿರಿ, ಇಲ್ಲವಾದರೆ ಬೀಜ ತೋಟಕ್ಕೆ ಸೇರುತ್ತದೆ.

2. ಹೊಸ ಬೇಲಿ, ಪಾಗಾರ: ಇವನ್ನು ಕಟ್ಟುವಾಗ ರಸ್ತೆಯ ಗಡಿಗಲ್ಲಿನಿಂದ ಒಳಗೇ ಕಟ್ಟಿರಿ. ಗೇಟಿನ ಎರಡೂ ಪಕ್ಕ ಪಾಗಾರವನ್ನು ಸೊಂಟದ ಎತ್ತರಕ್ಕಿಂತ ಮೇಲೆ ಏರಿಸದಿದ್ದರೆ ಒಳಗಿನಿಂದ ಬರುವವರಿಗೆ ರಸ್ತೆ ಕಾಣುತ್ತದೆ.

3. ಮೋರಿ: ತೋಟಕ್ಕೆ ದಾರಿ ಮಾಡುವಾಗ ಚರಂಡಿಯನ್ನು ಮಣ್ಣಿನಿಂದ ಮುಚ್ಚುವುದು, ಸಣ್ಣ ಪೈಪು ಹಾಕಿ ಮುಗಿಸುವುದು ಸಾಮಾನ್ಯ. ಪೈಪು ತರಗೆಲೆಯಿಂದ ಕಟ್ಟಿದ ಕೂಡಲೆ ನೀರು ರಸ್ತೆಗೆ ಬರುತ್ತದೆ. ಹರಿಯುವ ನೀರು ಅಂಚಿನ ಮಣ್ಣನ್ನು ಕೊರೆದು ಡಾಂಬರಿನ ಪಕ್ಕ ಗೇಣುದ್ದದ ಹೊಂಡ ಮಾಡುತ್ತದೆ. ಇಲಾಖೆಯ ಎಂಜಿನಿಯರರ ಒಪ್ಪಿಗೆ ಪಡೆದು ಅವರು ಹೇಳಿದ ಗಾತ್ರದ ಪೈಪನ್ನೇ ಹಾಕಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ಬಾಯಿ ಬಿಡಿಸಿರಿ.

4. ರಾಶಿ: ಗೊಬ್ಬರ, ಮುರಕಲ್ಲು, ಮರಳು, ಸೌದೆಗಳನ್ನು ರಸ್ತೆಯ ಬದಿಯಲ್ಲಿ ಇಳಿಸಿದರೆ ಅಂದೇ ಒಳಗೆ ಸಾಗಿಸಿರಿ. ಒಂದು ರಾತ್ರಿ ಬಿಡಲೇಬೇಕಾದರೆ ಎರಡೂ ಕಡೆ ಹೊಳೆಯುವ ರೇಡಿಯಂ ಪಟ್ಟಿ ಅಂಟಿಸಿದ ಕೋಲು ನೆಡಿರಿ.

ಬಯಲುಸೀಮೆಯ ಓದುಗರಿಗೂ ಇಲ್ಲಿ ಒಂದು ಮಾತು. ರಾಗಿ, ಹುರುಳಿ ತೆನೆಗಳನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ಸೈಕಲ್ ಮತ್ತು ಮೋಟಾರು ಸೈಕಲ್ ಸವಾರರ ಪಾಲಿಗೆ ಬಲೆಯಿದ್ದಂತೆ. ಚಕ್ರ ಜಾರುತ್ತದೆ, ಹುಲ್ಲು ಸರಪಳಿಗೆ ಸುತ್ತಿಕೊಳ್ಳುತ್ತದೆ, ಕಾಳಿಗೂ ಕಲ್ಲು, ಎಣ್ಣೆ ಸೇರುತ್ತದೆ. ಒಕ್ಕಣೆ ಕಣದಲ್ಲಿಯೇ ಆಗಲಿ. ಕಬ್ಬಿನ ಟ್ರೇಲರು, ಎತ್ತಿನ ಗಾಡಿಗಳ ಹಿಂಬದಿಗೆ ಕೆಂಪು ರೇಡಿಯಂ ಪಟ್ಟಿ ತಪ್ಪದೆ ಇರಲಿ.

ನಡೆಯುವವರಿಗೆ

ನಮ್ಮ ದೇಶದಲ್ಲಿ ವಾಹನಗಳು ಎಡಗಡೆ ಓಡುತ್ತವೆ. ಕಾಲುದಾರಿ ಇಲ್ಲದ ಕಡೆ ನೀವು ಬಲ ಅಂಚಿನಲ್ಲಿ, ಎದುರಿಗೆ ಬರುವ ವಾಹನವನ್ನು ನೋಡುತ್ತ ನಡೆಯಿರಿ. ಬೆನ್ನ ಹಿಂದಿನಿಂದ ಬರುವುದನ್ನು ಕಿವಿಯೊಂದೇ ಹೇಳಬೇಕು, ಜೋರು ಮಳೆಯಲ್ಲಿ ಅದೂ ಹೇಳುವುದಿಲ್ಲ. ಬಲಗಡೆಗೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಒಳ ಅಂಚಿನಲ್ಲಿ ನೀವು ಚಾಲಕನಿಗೆ ಕಾಣುವುದಿಲ್ಲ. ಅಂಥಲ್ಲಿ ತಿರುವಿಗೆ ಸಾಕಷ್ಟು ಮೊದಲೇ ಹೊರ ಅಂಚಿಗೆ ದಾಟಿಕೊಂಡು, ತಿರುವು ಮುಗಿದ ಮೇಲೆ ಮರಳಿರಿ. ಗುಂಪಾಗಿ ಹೋಗುವಾಗ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮಕ್ಕಳು ಡಾಂಬರಿನ ಕಡೆಗಿರದೆ ಒಳಕ್ಕಿರಲಿ.

ತಲೆಯ ಮೇಲೆ ಹುಲ್ಲಿನ ಹೊರೆ, ಸೊಪ್ಪಿನ ಹೊರೆ ಇದ್ದಾಗ ಕಣ್ಣಿಗೂ ಮರೆ, ಕಿವಿಗೂ ಮರೆ. ಕುತ್ತಿಗೆ ಹೊರಳಿಸುವುದೂ ಕಷ್ಟ. ಹೊರೆಯೊಂದಿಗೆ ಹೆದ್ದಾರಿ ದಾಟಬೇಕಾದಾಗ ಜೊತೆಗೊಬ್ಬರು ನಿಂತು ನೋಡಿ ದಾಟಿಸಲಿ. ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಮನೆಯ ಹೆಂಗಸರು ಎಂಬುದನ್ನು ಗಂಡಸರು ನೆನಪಿಡಬೇಕು. ಹುಲ್ಲು ತರುವ ಜಾಗ ರಸ್ತೆಯ ಆಚೆಗಿದ್ದರೆ, ಈಚೆಗೇ ನಾಲ್ಕು ಸಾಲು ಮೇವಿನ ಹುಲ್ಲು ನೆಟ್ಟುಕೊಳ್ಳುವುದು ಅದಕ್ಕಿಂತಲೂ ಒಳ್ಳೆಯ ಉಪಾಯ.

ಹಿಂದೆ ಕತ್ತಲಲ್ಲಿ ಸೂಟೆ ಬೀಸುತ್ತ ನಡೆಯುವವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಈಗ ಕಪ್ಪು ಕೊಡೆ, ಕಪ್ಪು ರೇನ್‌ಕೋಟು ಹಾಕಿದವರು ಮುಸ್ಸಂಜೆಯ ಮಳೆಯಲ್ಲಿ ಚಾಲಕನಿಗೆ ಕಾಣುವುದೇ ಇಲ್ಲ. ಕೊಡೆಯ ಅಂಚಿಗೆ, ಶಾಲೆಯ ಚೀಲಕ್ಕೆ, ಹಾಲಿನ ಕ್ಯಾನಿಗೆ ಎರಡು ಬೆರಳಗಲದ ರೇಡಿಯಂ ಪಟ್ಟಿ ಅಂಟಿಸಿರಿ. ಬೆಳಗಿನ ಜಾವ ಸೊಸೈಟಿಗೆ ಹೋಗುವವರು ಟಾರ್ಚನ್ನು ಕಾಲ ಬುಡಕ್ಕೆ ಹಿಡಿದು ನಡೆಯಲಿ. ಗಾಳಿಗೆ ಕೊಡೆಯನ್ನು ಮುಂದಕ್ಕೆ ಬಾಗಿಸಿದಾಗ ರಸ್ತೆ ಮರೆಯಾಗುತ್ತದೆ. ದಾಟುವಾಗ ಒಂದು ಕ್ಷಣ ನೆನೆದರೂ ಚಿಂತೆಯಿಲ್ಲ, ಕೊಡೆ ಎತ್ತಿ ನೋಡಿರಿ.

ಸೈಕಲ್ ಸವಾರರಿಗೆ

ನಮ್ಮ ಏರಿಳಿತದ ನಾಡಿನಲ್ಲಿ ಸೈಕಲ್ ಕಡಿಮೆಯಾದರೂ ಇಲ್ಲವೆಂದಲ್ಲ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಸೈಕಲ್ ಏರಿದರು. ಸೈಕಲ್ ಸವಾರನು ಪಾದಚಾರಿಯಂತೆ ಬಲಕ್ಕೆ ಹೋಗಬಾರದು. ಅವನು ವಾಹನಗಳೊಂದಿಗೆ ಎಡಗಡೆಯೇ ಸಾಗಬೇಕು. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಕೂಡಲೆ ಹಿಡಿಯುವುದಿಲ್ಲ. ಇಳಿಜಾರು ಬರುವ ಮೊದಲೇ ಎರಡು ಮೂರು ಬಾರಿ ಹಗುರವಾಗಿ ಒತ್ತಿ ಒರೆಸಿಕೊಳ್ಳಬೇಕು. ಇಳಿಯುವಾಗ ಮುಂದಿನ, ಹಿಂದಿನ ಎರಡೂ ಬ್ರೇಕನ್ನು ಸಮನಾಗಿ ಬಳಸಬೇಕು. ಡಾಂಬರಿನ ಅಂಚು ಎತ್ತರವಿದ್ದು ಮಣ್ಣು ತಗ್ಗಾಗಿದ್ದರೆ, ಇಳಿದ ಚಕ್ರವನ್ನು ಓರೆಯಾಗಿ ಮೇಲೆ ಹತ್ತಿಸಲು ಹೋಗಬೇಡಿರಿ. ಸೈಕಲ್ ಉರುಳುವುದು ಆಗಲೇ, ಅದೂ ರಸ್ತೆಯ ಕಡೆಗೆ. ನಿಂತು, ಇಳಿದು, ಎತ್ತಿ ಇಟ್ಟುಕೊಳ್ಳಿರಿ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರು, ಮುಂದೆ ದೀಪ, ಕೈಯಲ್ಲಿ ಬೆಲ್ಲು ಇರಲೇಬೇಕು.

ಪಂಚಾಯತಿಯ ಮೂಲಕ ಆಗಬೇಕಾದದ್ದು

ನಡೆಯುವವರು ಎಷ್ಟು ಎಚ್ಚರವಾಗಿದ್ದರೂ ರಸ್ತೆಯೇ ಸರಿಯಿಲ್ಲದಿದ್ದರೆ ಸಾಲದು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಬೆಳಗಾವಿ-ಯರಗಟ್ಟಿ ನಡುವಣ ರಾಜ್ಯ ಹೆದ್ದಾರಿಯನ್ನು 2010ರ ದಶಕದಲ್ಲಿ ಕೆ-ಶಿಪ್ ಸಂಸ್ಥೆ ವಿಶ್ವ ಬ್ಯಾಂಕಿನ ನೆರವಿನಿಂದ ಮಾದರಿ ಸುರಕ್ಷಿತ ರಸ್ತೆಯಾಗಿ ಆರಿಸಿಕೊಂಡಿತು. ರಸ್ತೆಯ ಸುಧಾರಣೆ, ವೇಗದ ಮೇಲೆ ಪೊಲೀಸರ ಕಣ್ಣು, ಗಾಯಾಳುಗಳಿಗೆ ಬೇಗನೆ ಚಿಕಿತ್ಸೆ, ಈ ಮೂರನ್ನೂ ಒಟ್ಟಿಗೆ ಕೈಗೊಂಡಾಗ ಅಲ್ಲಿನ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ನಮ್ಮ ಹೆದ್ದಾರಿ 275ರ ಇನ್ನೊಂದು ತುದಿಯಾದ ಬೆಂಗಳೂರು-ಮೈಸೂರು ನಡುವೆ 2023ರ ಆಗಸ್ಟ್ 1ರಿಂದ ದ್ವಿಚಕ್ರ, ಆಟೋರಿಕ್ಷಾ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವೀಸ್ ರಸ್ತೆಗೆ ಕಳುಹಿಸಲಾಯಿತು. ಕುಂಬ್ರದಂಥ ಊರುಗಳಲ್ಲಿ ಹಾಗೆ ಬೇರ್ಪಡಿಸಲು ಬೇರೆ ರಸ್ತೆಯಿಲ್ಲ. ಎಲ್ಲರೂ ಒಂದೇ ಡಾಂಬರಿನಲ್ಲಿರುವುದರಿಂದ ಇಲ್ಲಿ ಉಳಿದಿರುವ ಉಪಾಯ ಎರಡೇ: ಪೇಟೆಯೊಳಗೆ ವೇಗ ಇಳಿಸುವುದು, ಅಂಚನ್ನು ಬಿಡಿಸಿಕೊಡುವುದು.

ಕೇಳುವಾಗ ಏನು ಕೇಳಬೇಕೆಂದು ತಿಳಿದಿರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕು. ಅದರ ಎತ್ತರ 15 ಸೆಂಟಿಮೀಟರು ಮೀರಬಾರದು. ಚರಂಡಿಯ ಮೇಲೆ ಗಟ್ಟಿ ಚಪ್ಪಡಿ ಮುಚ್ಚಿದರೆ ಇಕ್ಕಟ್ಟಾದ ಪೇಟೆಯಲ್ಲಿ ಅದೇ ಕಾಲುದಾರಿಯಾಗುತ್ತದೆ. ಪೇಟೆಯ ಹೊರಗೆ ಮುರಮಣ್ಣು ಹಾಕಿ ಅಡಕಿದ, ಡಾಂಬರಿಗೆ ಸಮನಾದ, ಚರಂಡಿಯ ಕಡೆಗೆ ತುಸು ಇಳಿಜಾರಾದ ಅಂಚು ಸಾಕು.

ರಸ್ತೆ ಉಬ್ಬು ಅಂದರೆ ಹಂಪುಗಳ ವಿಷಯದಲ್ಲಿ ಎಚ್ಚರ ಬೇಕು. ರಾತ್ರೋರಾತ್ರಿ ಕಾಂಕ್ರೀಟು ಸುರಿದು ಮಾಡಿದ ಚೂಪು ಹಂಪು ಸೈಕಲ್ ಸವಾರನನ್ನೇ ಮೊದಲು ಬೀಳಿಸುತ್ತದೆ. ಶಾಸ್ತ್ರೀಯ ಹಂಪಿನ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು. ಬಿಳಿ ಪಟ್ಟಿಯೂ ಮುನ್ಸೂಚನೆಯ ಫಲಕವೂ ಅದಕ್ಕೆ ಬೇಕು. ಒಳರಸ್ತೆ ಹೆದ್ದಾರಿಗೆ ಸೇರುವ ಮೊದಲು ಒಳರಸ್ತೆಯ ಮೇಲೆ ಇಂಥ ಹಂಪು ಹಾಕಿಸುವುದು ಬಹಳ ಉಪಯುಕ್ತ.

ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ಸುಮಾರು 500 ಮೀಟರು ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದರೆ ಅದು ಅಪಘಾತ ವಲಯ. ಹತ್ತು ಹೆಣಗಳು ಬೀಳುವ ತನಕ ಊರು ಕಾಯಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಅಪಘಾತವನ್ನೂ, ಕೂದಲೆಳೆಯಲ್ಲಿ ತಪ್ಪಿದ್ದನ್ನೂ, ದಿನ, ಹೊತ್ತು, ಹತ್ತಿರದ ಕಿಲೋಮೀಟರು ಕಲ್ಲು ಸಹಿತ ಬರೆದಿಡಿರಿ. ಒಂದು ವರ್ಷದ ಬರಹ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು ಸುಲಭ. ಹೆದ್ದಾರಿಯಾದರೆ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ, ಹಳ್ಳಿಯ ರಸ್ತೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಕಳುಹಿಸಿರಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಪೊಲೀಸ್ ಠಾಣೆಗೂ ಪ್ರತಿ ಕೊಡಿರಿ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ಕಲಮನ್ನು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಲಾಗಿದೆ.

ಕೇಳಿದರೆ ಆಗುತ್ತದೆಯೇ ಎಂದು ಅನುಮಾನ ಪಡುವವರು ಹಾಲೆಂಡನ್ನು ನೆನೆಯಬಹುದು. ಅಲ್ಲಿ 1971ರಲ್ಲಿ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತಾಗ ತಂದೆತಾಯಿಗಳೇ ಬೀದಿಗಿಳಿದು ಸರಕಾರವನ್ನು ಒತ್ತಾಯಿಸಿದರು. ಸೈಕಲ್ಲಿಗೆ ಬೇರೆ ದಾರಿ, ಮನೆಗಳ ನಡುವೆ ನಿಧಾನ ವೇಗ ಎಂಬ ಪದ್ಧತಿ ಅಲ್ಲಿ ಬೇರೂರಿದ್ದು ಆ ಬಳಿಕ.

ಅಪಘಾತವಾದರೆ

ಪೊಲೀಸ್, ಕೋರ್ಟಿನ ಹೆದರಿಕೆಯಿಂದ ದೂರ ನಿಲ್ಲಬೇಡಿರಿ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರನ್ನು ಕಾನೂನು ರಕ್ಷಿಸುತ್ತದೆ. ಈ ಬಗ್ಗೆ ಸುಪ್ರೀಂ ಕೋರ್ಟು 2016ರಲ್ಲಿ ಮಾರ್ಗಸೂಚಿಗಳಿಗೆ ಮಾನ್ಯತೆ ಕೊಟ್ಟಿತು. 2019ರ ತಿದ್ದುಪಡಿಯ 134ಎ ಕಲಮು ಅದನ್ನು ಶಾಸನವಾಗಿಸಿತು. ಕೂಡಲೆ 108 ಅಥವಾ 112ಕ್ಕೆ ಕರೆ ಮಾಡಿರಿ. ಮೊದಲ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ಮೇ 2025ರಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ ಮೋಟಾರು ವಾಹನದಿಂದ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ನಗದು ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಗುದ್ದಿದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ.

ವರ್ಷದ ಕೆಲಸಗಳು

ಏಪ್ರಿಲ್-ಮೇ: ಬೇಲಿ ಸವರುವುದು, ಚರಂಡಿ ಮತ್ತು ಮೋರಿ ಬಿಡಿಸುವುದು, ಕುಸಿದ ಅಂಚಿಗೆ ಮುರಮಣ್ಣು ಹಾಕಿಸುವುದು. ಹೆದ್ದಾರಿಯ ಅಂಚಾದರೆ ಇಲಾಖೆಗೆ ತಿಳಿಸುವುದು.

ಜೂನ್: ಶಾಲೆ ತೆರೆದ ವಾರ ಮಕ್ಕಳ ಚೀಲ, ಕೊಡೆಗೆ ರೇಡಿಯಂ ಪಟ್ಟಿ. ಸೈಕಲ್ ಬ್ರೇಕಿನ ರಬ್ಬರು ಬದಲಿಸುವುದು.

ಜುಲೈ-ಸೆಪ್ಟೆಂಬರ್: ವಾರಕ್ಕೊಮ್ಮೆ ಮೋರಿಯ ತಪಾಸಣೆ, ಮಳೆ ಬಿಡುವಿನಲ್ಲಿ ಎರಡನೆಯ ಬಾರಿ ಬೇಲಿ ಸವರುವುದು.

ಅಕ್ಟೋಬರ್-ನವೆಂಬರ್: ಕಳೆ ಹೂ ಬಿಡುವ ಮೊದಲೇ ಕಡಿಯುವುದು, ದಾಟುವ ಸ್ಥಳಗಳ ಹತ್ತು ಸೆಕೆಂಡಿನ ಪರೀಕ್ಷೆ.

ಡಿಸೆಂಬರ್-ಮಾರ್ಚ್: ವರ್ಷದ ನೋಟ್‌ಬುಕ್ಕನ್ನು ಗ್ರಾಮಸಭೆಯ ಮುಂದಿಡುವುದು, ಇಲಾಖೆಗೆ ಬರೆಯುವುದು.

ಇವುಗಳಲ್ಲಿ ಯಾವುದೂ ದೊಡ್ಡ ಖರ್ಚಿನ ಕೆಲಸವಲ್ಲ. ತೋಟದ ಗಡಿಯಲ್ಲಿ ಒಂದು ಮೊಳ ಜಾಗಕ್ಕಾಗಿ ಎಷ್ಟೋ ವರ್ಷ ವ್ಯಾಜ್ಯ ಮಾಡುವವರಿದ್ದಾರೆ. ರಸ್ತೆಯ ಬದಿಯಲ್ಲಿ ನಾವು ಬಿಟ್ಟುಕೊಡುವ ಎರಡು ಮೊಳ ಜಾಗದಲ್ಲಿ ನಾಳೆ ನಡೆದು ಹೋಗುವುದು ನಮ್ಮದೇ ಮನೆಯ ಮಗು. ಮುಂದಿನ ಮಳೆಗೆ ಮೊದಲು ನಿಮ್ಮ ಜಮೀನಿನ ಎದುರಿನ ಅಂಚನ್ನು ಒಮ್ಮೆ ನಡೆದು ನೋಡಿರಿ. ಎಲ್ಲಿ ನಿಮ್ಮ ಕಾಲು ಡಾಂಬರಿಗೆ ಇಳಿಯಿತೋ ಅಲ್ಲಿಂದ ಕೆಲಸ ಆರಂಭಿಸಿರಿ.